ಮೈಕ್ ಎರಡು, ಹುಡುಗರು ಐವರು

ಹೊಸದಾಗಿ ಹೆಸರು ಮಾಡಿದ ಬ್ಯಾಂಡ್‌ನ ಟೀವಿ ಸಂದರ್ಶನವನ್ನು ನೀವು ಒಂದಾದರೂ ನೋಡಿರುತ್ತೀರಿ. ಸೋಫಾ ಮೇಲೆ ಐದು ಜನ ಹುಡುಗರು ಒತ್ತಿಕೊಂಡು ಕೂತಿರುತ್ತಾರೆ. ಕಾಲರ್ ಮೈಕ್ ಇರುವುದು ಇಬ್ಬರಿಗೆ. ಒಂದು ಹಾಡುವವನಿಗೆ, ಇನ್ನೊಂದು ಅವನ ಪಕ್ಕದಲ್ಲಿ ಕೂತವನಿಗೆ. ಡ್ರಮ್ಸ್ ಬಾರಿಸುವವನು ಸೋಫಾದ ತುದಿಯಲ್ಲಿ, ಅರ್ಧ ಫ್ರೇಮಿನಿಂದ ಆಚೆ. ಆ್ಯಂಕರ್ ಕೇಳುವ ಮೊದಲ ಪ್ರಶ್ನೆ, 'ಇಷ್ಟೊಂದು ಹೆಸರು ಬರುತ್ತೆ ಅಂತ ಅಂದ್ಕೊಂಡಿದ್ರಾ?' ಎರಡನೆಯದು, 'ಮನೇಲಿ ಏನಂತಾರೆ?' ಮೂರನೆಯದು ಕಷ್ಟದ ದಿನಗಳ ಬಗ್ಗೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಹಿನ್ನೆಲೆಯಲ್ಲಿ ಕೊಳಲು ಶುರುವಾಗುತ್ತೆ. ಬ್ರೇಕಿಗೆ ಹೋಗುವ ಮುಂಚೆ, 'ನಮ್ಮ ವೀಕ್ಷಕರಿಗೋಸ್ಕರ ಒಂದೆರಡು ಸಾಲು ಹಾಡಿಬಿಡಿ.' ಹಾಡುವವನು ಬರೀ ಗಂಟಲಲ್ಲಿ ಹಾಡುತ್ತಾನೆ. ಡ್ರಮ್ಮರ್ ಕೈ ಕಟ್ಟಿ ಕೂರಲಾಗದೆ ತೊಡೆ ಮೇಲೆ ತಾಳ ಹಾಕುತ್ತಾನೆ. ಬೇಸ್ ಗಿಟಾರಿನವನು ಸುಮ್ನೆ ನಗುತ್ತಾನೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಬ್ಯಾಂಡ್ ಬ್ಯಾಂಡ್ ಆಗಿ ಕೇಳಿಸಿದ್ದು, ಪರದೆಯ ಮೂಲೆಯಲ್ಲಿ ಓಡಿಸಿದ, ಅವರಿಗೆ ಹೆಸರು ತಂದ ವೈರಲ್ ಕ್ಲಿಪ್‌ನಲ್ಲಿ ಮಾತ್ರ.

ದಿಢೀರ್ ಹೆಸರು ಬಂದ ಬ್ಯಾಂಡ್‌ಗಳು ಯಾಕೆ ಬೇಗ ಒಡೆಯುತ್ತವೆ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ತಲೆ ತಿರುಗಿತು, ಅಹಂಕಾರ ಬಂತು. ನನಗೆ ಇದು ಸೋಮಾರಿ ಉತ್ತರ ಅನ್ನಿಸುತ್ತೆ. ಇಪ್ಪತ್ತೆರಡು ವರ್ಷದ ಹುಡುಗರಿಗೆ ಸ್ವಲ್ಪ ತಲೆ ತಿರುಗದಿದ್ದರೆ ಅದೇ ಆಶ್ಚರ್ಯ. ಬಿರುಕು ಬಿಡುವುದು ಆ ಸೋಫಾ ಮೇಲೆ. ಐವರು ಸೇರಿ ಮಾಡಿದ ಕೆಲಸ ಅಲ್ಲಿ ಒಬ್ಬನ ಕತೆಯಾಗುತ್ತೆ. ಆಮೇಲೆ ಫೋನು, ದುಡ್ಡು, ಬುಕಿಂಗು ಎಲ್ಲವೂ ಆ ಒಬ್ಬನ ಹಿಂದೆಯೇ ಹೋಗುತ್ತವೆ. ಉಳಿದ ನಾಲ್ವರಿಗೆ ತಾವು 'ಅವನ ಬ್ಯಾಂಡ್‌ನವರು' ಅಂತ ಗೊತ್ತಾಗುವುದು ಊರಿನ ಟೀ ಅಂಗಡಿಯಲ್ಲಿ.

ಇದು ನಮ್ಮ ಮೂರು ಜಿಲ್ಲೆಗಳಿಗೆ ಜಾಸ್ತಿ ತಟ್ಟುವ ವಿಷಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ ಹೆಚ್ಚುಕಡಿಮೆ 60-70 ಕಿಲೋಮೀಟರ್. ಬೆಳಗ್ಗೆ ಚಾನೆಲ್‌ನಿಂದ ಫೋನ್ ಬಂದರೆ ಮಧ್ಯಾಹ್ನಕ್ಕೆ ಸ್ಟುಡಿಯೋದಲ್ಲಿ ಇರಬಹುದು. ಕಲಬುರಗಿಯ ಹುಡುಗರಿಗೆ ಈ ಅನುಕೂಲ ಇಲ್ಲ, ರಾತ್ರಿ ಬಸ್ಸು ಹತ್ತಬೇಕು. ಹಾಗಾಗಿ ನಮ್ಮ ಕಡೆಯವರು ಯೋಚನೆ ಮಾಡುವುದಕ್ಕೂ ಟೈಮಿಲ್ಲದೆ ಹೋಗಿ ಕೂತುಬಿಡುತ್ತಾರೆ. ಚಾನೆಲ್‌ಗಳ ಹತ್ತಿರ ಹಣೆಪಟ್ಟಿಯೂ ರೆಡಿ ಇರುತ್ತೆ. ಕೋಲಾರ ಅಂದರೆ 'ಬರದ ನಾಡಿನ ಹುಡುಗ', ಪಾವಗಡ ಅಂದರೆ 'ಬಿಸಿಲೂರಿನ ಪ್ರತಿಭೆ'. ಹುಡುಗನ ಅಪ್ಪ ಕಾಲೇಜು ಲೆಕ್ಚರರ್ ಆಗಿದ್ದರೂ ಕತೆಗೆ ಒಂದು ಗುಡಿಸಲು ಬೇಕೇ ಬೇಕು.

ಚಾನೆಲ್‌ನವರನ್ನು ಬೈದು ಪ್ರಯೋಜನ ಇಲ್ಲ. ಸುದ್ದಿ ಸ್ಟುಡಿಯೋ ಕಟ್ಟಿರುವುದೇ ಮಾತಿಗೆ. ಡ್ರಮ್ ಕಿಟ್ ಒಂದಕ್ಕೇ ನಾಲ್ಕೈದು ಮೈಕ್ ಬೇಕು. ಗಿಟಾರ್, ಬೇಸ್, ಕೀಬೋರ್ಡ್, ಹಾಡುವವನದ್ದು ಸೇರಿದರೆ ಹತ್ತು ಹನ್ನೆರಡು ಲೈನ್ ಆಗುತ್ತೆ. ಬೇರೆ ಮಿಕ್ಸರ್, ಒಂದು ಗಂಟೆ ಸೌಂಡ್ ಚೆಕ್, ಅದನ್ನು ತಿಳಿದ ಎಂಜಿನಿಯರ್ ಎಲ್ಲ ಬೇಕು. ಮಧ್ಯಾಹ್ನದ ಬುಲೆಟಿನ್‌ಗೂ ಸಂಜೆ ಚರ್ಚೆಗೂ ನಡುವೆ ಸಿಗುವ ಜಾಗದಲ್ಲಿ ಇದೆಲ್ಲ ಆಗದ ಮಾತು. ಅದಕ್ಕಿಂತ ಅಮ್ಮನ ಕಣ್ಣೀರು ಸುಲಭ. ಅದಕ್ಕೆ ಒಂದೇ ಮೈಕ್ ಸಾಕು. ಟಿಆರ್‌ಪಿ ಲೆಕ್ಕ ಬರುವ ಗುರುವಾರ ಇದರಿಂದ ನಷ್ಟವೂ ಇಲ್ಲ. ಸಂದರ್ಶನಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ ಅನ್ನುವುದು ಬೇರೆ ಮಾತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮಾತ್ರ ಸಿಗುತ್ತೆ.

ಟೀವಿಯಿಂದ ಬ್ಯಾಂಡ್‌ಗೆ ಒಳ್ಳೆಯದೇ ಆಗಿಲ್ಲ ಅಂತಲ್ಲ. ಬ್ರಿಟನ್ನಿನ ಬೀಟಲ್ಸ್ ಬ್ಯಾಂಡ್‌ನವರು 1964ರ ಫೆಬ್ರವರಿ 9ರಂದು ಅಮೆರಿಕದ ಎಡ್ ಸಲಿವನ್ ಶೋನಲ್ಲಿ ಬಂದಾಗ ಸುಮಾರು 7.3 ಕೋಟಿ ಜನ ನೋಡಿದರು. ಆ ಸಂಜೆ ಅವರು ಮಾತಾಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಐದು ಹಾಡು ಹಾಡಿದರು, ಅಷ್ಟೇ. ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಹೋಯಿತು, ಮುಖದ ಕೆಳಗೆ ಹೆಸರು ಬಂತು. ಪಾಲ್, ರಿಂಗೋ, ಜಾರ್ಜ್, ಜಾನ್. ಜಾನ್ ಹೆಸರಿನ ಕೆಳಗೆ 'ಸಾರಿ ಹುಡುಗೀರೇ, ಇವರಿಗೆ ಮದುವೆ ಆಗಿದೆ' ಅಂತ ಒಂದು ಸಾಲು ಬೇರೆ. ಡ್ರಮ್ಸ್‌ನವನ ಹೆಸರು ಕೂಡ ಮಾರನೇ ದಿನ ಅಮೆರಿಕದ ಮಕ್ಕಳಿಗೆ ಬಾಯಿಪಾಠ ಆಗಿತ್ತು. ಯಾರೋ ಒಬ್ಬ ಪ್ರೊಡ್ಯೂಸರ್ ನಾಲ್ಕು ಹೆಸರು ಟೈಪ್ ಮಾಡಿಸಿದ ಸಣ್ಣ ಕೆಲಸ ಅದು. ನಮ್ಮ ಚಾನೆಲ್‌ಗಳ ಪರದೆ ಮೇಲೆ ಮೂರು ಸಾಲು ಬ್ರೇಕಿಂಗ್ ನ್ಯೂಸ್ ಓಡುತ್ತಿರುತ್ತೆ, ಬೇಸ್ ಬಾರಿಸುವವನ ಹೆಸರಿಗೆ ಮಾತ್ರ ಜಾಗ ಇಲ್ಲ.

ಇದಕ್ಕೆ ಪೂರಾ ಉಲ್ಟಾ ಆದದ್ದು ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡ್‌ಗೆ. ಈ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ದಿಢೀರ್ ಹೆಸರು, ಟೀವಿ ಸಂದರ್ಶನ, ಒಡಕು ಮೂರೂ ಇದರಲ್ಲಿ ಒಂದರ ಹಿಂದೆ ಒಂದು ಬರುತ್ತವೆ.

1976ರ ಡಿಸೆಂಬರ್ 1. ಥೇಮ್ಸ್ ಟೆಲಿವಿಷನ್‌ನಲ್ಲಿ ಸಂಜೆ ಹೊತ್ತು ಬರುತ್ತಿದ್ದ ನೇರ ಪ್ರಸಾರದ ಕಾರ್ಯಕ್ರಮ. ಅವತ್ತು ಬರಬೇಕಿದ್ದದ್ದು ಕ್ವೀನ್ ಬ್ಯಾಂಡ್. ಅವರು ಕೊನೆ ಗಳಿಗೆಯಲ್ಲಿ ಬರಲಿಲ್ಲ. ಎರಡೂ ಬ್ಯಾಂಡ್‌ಗಳು ಇಎಂಐ ಅನ್ನುವ ರೆಕಾರ್ಡ್ ಕಂಪನಿಯವೇ. ಹಾಗಾಗಿ ಜಾಗ ತುಂಬಿಸಲು ಈ ಹೊಸ ಹುಡುಗರನ್ನು ಕಳಿಸಿದರು. ಸಂದರ್ಶನ ಮಾಡಿದವರು ಬಿಲ್ ಗ್ರಂಡಿ. ಹುಡುಗರ ಮೇಲೆ ಅವರಿಗೆ ಗೌರವ ಇರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಕೆಣಕಿದರು. ಏನಾದರೂ ಬೈಯಿರಿ ನೋಡೋಣ ಅನ್ನೋ ಹಾಗೆ ಹುರಿದುಂಬಿಸಿದರು. ಗಿಟಾರಿನ ಸ್ಟೀವ್ ಜೋನ್ಸ್ ಬೈದೇ ಬೈದ, ಆ ಕಾಲದ ಬ್ರಿಟಿಷ್ ಟೀವಿಯಲ್ಲಿ ಕೇಳಿಸುವುದೇ ಅಪರೂಪವಾಗಿದ್ದ ಮಾತುಗಳಲ್ಲಿ. ಇಡೀ ಸಂದರ್ಶನ ಕೆಲವೇ ನಿಮಿಷದ್ದು. ಪ್ರಸಾರ ಆದದ್ದೂ ಲಂಡನ್ ಸುತ್ತಮುತ್ತ ಮಾತ್ರ.

ಮಾರನೇ ದಿನ ಪತ್ರಿಕೆಗಳ ಮುಖಪುಟದಲ್ಲಿ ಅದೇ. ಲಾರಿ ಡ್ರೈವರ್ ಒಬ್ಬ ಸಿಟ್ಟಿಗೆ ತನ್ನ ಟೀವಿಗೇ ಒದ್ದ ಅಂತಲೂ ಬರೆದರು. ಹಿಂದಿನ ದಿನದವರೆಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಬ್ಯಾಂಡ್ ದೇಶಕ್ಕೆಲ್ಲ ಗೊತ್ತಾಯಿತು. ಗ್ರಂಡಿಯವರನ್ನು ಎರಡು ವಾರ ಸಸ್ಪೆಂಡ್ ಮಾಡಿದರು. ಬ್ಯಾಂಡ್‌ನ ಟೂರ್ ಶುರುವಾಗಬೇಕಿತ್ತು, ಊರೂರಿನ ಆಡಳಿತಗಳು ಹೆದರಿ ಹೆಚ್ಚಿನ ಶೋಗಳನ್ನು ರದ್ದು ಮಾಡಿದವು. ಜನವರಿಯಲ್ಲಿ ಇಎಂಐ ಕೈಬಿಟ್ಟಿತು. ಅಂದರೆ ಹೆಸರು ಆಕಾಶಕ್ಕೆ ಏರಿತು, ಬಾರಿಸಲು ಮಾತ್ರ ಜಾಗ ಇಲ್ಲದೇ ಹೋಯಿತು!

ಆಮೇಲೆ ಆದದ್ದು ಇನ್ನೂ ಮುಖ್ಯ. ಹೆಚ್ಚಿನ ಹಾಡುಗಳ ರಾಗಕ್ಕೆ ಕೈಹಾಕುತ್ತಿದ್ದ ಬೇಸ್ ಗಿಟಾರಿನ ಗ್ಲೆನ್ ಮ್ಯಾಟ್‌ಲಾಕ್ 1977ರ ಫೆಬ್ರವರಿಯಲ್ಲಿ ಬ್ಯಾಂಡ್‌ನಿಂದ ಹೊರಬಿದ್ದ. ಅವನ ಜಾಗಕ್ಕೆ ಬಂದದ್ದು ಸಿಡ್ ವಿಷಸ್. ಸಿಡ್‌ಗೆ ಬೇಸ್ ಸರಿಯಾಗಿ ಬಾರಿಸಲು ಬರುತ್ತಿರಲಿಲ್ಲ, ಆದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿದ್ದ. ಟೀವಿ, ಪತ್ರಿಕೆ ನೋಡುವ ಬ್ಯಾಂಡ್‌ಗೆ ಇಂಥವನೇ ಬೇಕಿತ್ತು. ಹಾಡು ಕಟ್ಟುವ ಬ್ಯಾಂಡ್‌ಗೆ ಬೇಕಿದ್ದವನು ಹೊರಗೆ ಹೋಗಿದ್ದ. 1978ರ ಜನವರಿಯಲ್ಲಿ ಬ್ಯಾಂಡೇ ಮುಗಿಯಿತು. ಆ ಸಂದರ್ಶನದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳೂ ತುಂಬಿರಲಿಲ್ಲ.

ನಮ್ಮ ಹುಡುಗರು ಯಾರೂ ಟೀವಿಯಲ್ಲಿ ಬೈಯಲ್ಲ ಬಿಡಿ. ಆ್ಯಂಕರ್‌ಗೆ 'ಮೇಡಂ', 'ಸರ್' ಅಂತ ಪ್ರತಿ ವಾಕ್ಯಕ್ಕೂ ಸೇರಿಸಿ ಮಾತಾಡುತ್ತಾರೆ. ಆದರೆ ಒಳಗಿನ ಯಂತ್ರ ಅದೇ. ಸಂಗೀತಕ್ಕೆ ಯಾರು ಬೇಕು ಅನ್ನುವ ಲೆಕ್ಕ ಹೋಗಿ ಪರದೆಗೆ ಯಾರು ಬೇಕು ಅನ್ನುವ ಲೆಕ್ಕ ಬಂದ ದಿನ ಬ್ಯಾಂಡ್ ಬೇರೆಯೇ ಆಗುತ್ತೆ.

ಟೀವಿಯಲ್ಲಿ ಬಾರಿಸಲು ಬಿಟ್ಟರೆ ಏನಾಗುತ್ತೆ ಅನ್ನುವುದಕ್ಕೂ ನಮ್ಮ ಹತ್ತಿರವೇ ಉದಾಹರಣೆಗಳಿವೆ. ಬೆಂಗಳೂರಿನ ಅಗಮ್ ಬ್ಯಾಂಡ್ ಹೆಸರು ಮಾಡಿದ್ದು 2007ರಲ್ಲಿ, ತಮಿಳು ಚಾನೆಲ್‌ ಒಂದರ ಬ್ಯಾಂಡ್‌ಗಳ ಸ್ಪರ್ಧೆ ಗೆದ್ದು. ಕೇರಳದ ತೈಕ್ಕುಡಂ ಬ್ರಿಡ್ಜ್ 2013ರಲ್ಲಿ ಮನೆಮಾತಾಗಿದ್ದು ಕಪ್ಪಾ ಟೀವಿಯ ಮ್ಯೂಸಿಕ್ ಮೋಜೋ ಕಾರ್ಯಕ್ರಮದಿಂದ. ಅಲ್ಲಿ ಸೋಫಾ ಇರಲಿಲ್ಲ. ಡಜನ್‌ಗಿಂತ ಜಾಸ್ತಿ ಜನ ವಾದ್ಯ ಹಿಡಿದು ನಿಂತಿದ್ದರು, ಹಲವರು ಒಂದೊಂದು ತುಣುಕು ಹಾಡಿದರು. ಕ್ಯಾಮೆರಾಗೆ ಎಲ್ಲರ ಮುಂದೆಯೂ ಹೋಗದೆ ಗತ್ಯಂತರ ಇರಲಿಲ್ಲ. ರಘು ದೀಕ್ಷಿತ್ ಪ್ರಾಜೆಕ್ಟ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮಕ್ಕೆ ಹೋದಾಗಲೂ ಅಷ್ಟೇ. ಅಲ್ಲಿಗೆ ಹೋದವರು ಬಾರಿಸಲೇಬೇಕು, ಮಾತು ಆಮೇಲೆ. ಪಂಚೆ, ಗೆಜ್ಜೆ ಹಾಕಿಕೊಂಡು ಹೋದ ಕನ್ನಡದ ಬ್ಯಾಂಡ್ ಬ್ರಿಟನ್ನಿನಲ್ಲಿ ಒಂದೇ ರಾತ್ರಿಗೆ ಗುರುತಾಯಿತು.

ರಘು ದೀಕ್ಷಿತ್ ವಿಷಯದಲ್ಲಿ ಇನ್ನೊಂದು ಗಮನಿಸಬೇಕು. ಅವರದ್ದು 'ದಿಢೀರ್' ಅಲ್ಲವೇ ಅಲ್ಲ. ಮೊದಲ ಆಲ್ಬಂ 2008ರಲ್ಲಿ ಹೊರಬರುವ ಮುಂಚೆ ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದ್ದರು. ಬ್ಯಾಂಡ್‌ಗೂ ಮೊದಲಿನಿಂದಲೇ ತಮ್ಮ ಹೆಸರಿಟ್ಟರು. ಜೊತೆಗೆ ಬಾರಿಸುವವರು ಬಂದರು, ಹೋದರು. ಇದನ್ನು ಕೆಲವರು ಸ್ವಾರ್ಥ ಅನ್ನುತ್ತಾರೆ. ನನಗೆ ಇದೇ ಪ್ರಾಮಾಣಿಕ ಅನ್ನಿಸುತ್ತೆ. ಅಂಗಡಿ ಯಾರದ್ದು ಅಂತ ಬೋರ್ಡ್ ಮೇಲೇ ಬರೆದಿದೆ. ಸೇರುವವನಿಗೆ ಸೇರುವ ದಿನವೇ ಗೊತ್ತು. ತೊಂದರೆ ಬರುವುದು 'ನಾವೆಲ್ಲ ಒಂದೇ ಮಚ್ಚಾ' ಅಂತ ಶುರುವಾಗಿ, ಸಂದರ್ಶನ ಮುಗಿದ ಮೇಲೆ ಒಬ್ಬನ ಹೆಸರಿನ ಬ್ಯಾಂಡ್ ಆಗುವ ಕಡೆ.

ಕನ್ನಡದ ದೊಡ್ಡ ಹಾಡಿನ ಶೋಗಳು ಒಬ್ಬೊಬ್ಬ ಗಾಯಕರ ಸ್ಪರ್ಧೆಗಳು. ಅವುಗಳ ಬಗ್ಗೆ ತಕರಾರಿಲ್ಲ. ಹಾವೇರಿ ಕಡೆಯ ಕುರಿಗಾಹಿ ಹನುಮಂತ ಅಂಥ ಶೋನಿಂದ ಬಂದು, 2025ರಲ್ಲಿ ಬಿಗ್ ಬಾಸ್ ಕೂಡ ಗೆದ್ದರು. ಆದರೆ ಅಲ್ಲಿ ವಾದ್ಯದವರು ಹಿಂದೆ ಕತ್ತಲಲ್ಲಿ ಕೂತಿರುತ್ತಾರೆ. ಆ ಶೋಗಳನ್ನು ನೋಡಿ ಬೆಳೆದ ಪ್ರೊಡ್ಯೂಸರ್‌ಗೂ ಆ್ಯಂಕರ್‌ಗೂ ಬ್ಯಾಂಡ್ ಕಂಡರೆ ತಟ್ಟನೆ ಹೊಳೆಯುವುದು ಒಂದೇ ಪ್ರಶ್ನೆ: 'ಇವರಲ್ಲಿ ಹಾಡೋರು ಯಾರು?'

ಒಂದು ವಿಚಿತ್ರ ಏನೆಂದರೆ, ಗುಂಪಾಗಿ ದುಡಿಯುವ ಕಲೆ ನಮ್ಮ ಕಡೆಗೆ ಹೊಸದಲ್ಲ. ತುಮಕೂರಿನ ಪಕ್ಕದ ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಹುಟ್ಟಿತು. ಆಮೇಲೆ ಅದು ಗುಬ್ಬಿ ವೀರಣ್ಣನವರ ಹೆಸರಲ್ಲೇ ಹೆಸರಾಯಿತು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತರು ಪಳಗಿದ ಜಾಗ ಅದು. ಹೆಸರು ಒಬ್ಬರದ್ದಾದರೂ ಅದು ಕಂಪನಿ. ಯಾರ ಪಾತ್ರ ಏನು, ಯಾರಿಗೆ ಎಷ್ಟು ಸಂಬಳ ಅನ್ನುವುದು ಪರದೆ ಏಳುವ ಮುಂಚೆಯೇ ತೀರ್ಮಾನ ಆಗಿರುತ್ತಿತ್ತು. ಚಪ್ಪಾಳೆ ನಾಯಕನಿಗೆ ಜಾಸ್ತಿ ಬಿತ್ತು ಅಂತ ಹಾರ್ಮೋನಿಯಂನವನ ಅನ್ನ ಕಮ್ಮಿ ಆಗುತ್ತಿರಲಿಲ್ಲ.

ಇವತ್ತಿನ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳೂ ಹಾಗೇ. ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆ ಒಂದೇ ರಾತ್ರಿ ಕನ್ನಡ, ತೆಲುಗು, ತಮಿಳು ಮೂರೂ ಹಾಡುವ ತಂಡಗಳಿವೆ. ಓನರ್ ಅಡ್ವಾನ್ಸ್ ತಗೊಳ್ಳುತ್ತಾನೆ. ಕೀಬೋರ್ಡಿನವನಿಗೆ ಇಷ್ಟು, ಪ್ಯಾಡ್ ಬಾರಿಸುವವನಿಗೆ ಇಷ್ಟು, ಫೀಮೇಲ್ ಸಿಂಗರ್‌ಗೆ ಇಷ್ಟು ಪೇಮೆಂಟ್, ಮೇಲೆ ಊಟ, ಗಾಡಿ. ರಾತ್ರಿ ಹತ್ತಕ್ಕೆ ಪೊಲೀಸರು ಬಂದು ಮೈಕ್ ಆಫ್ ಮಾಡಿಸಿದರೂ ಪೇಮೆಂಟ್ ಪೇಮೆಂಟೇ. ಸ್ನೇಹ ಇಲ್ಲ, ಹಾಗಾಗಿ ಜಗಳವೂ ಕಮ್ಮಿ. ರಾಕ್ ಬ್ಯಾಂಡ್‌ನ ಹುಡುಗರು ಈ ಆರ್ಕೆಸ್ಟ್ರಾದವರನ್ನು ಸ್ವಲ್ಪ ಕೀಳಾಗಿ ನೋಡುತ್ತಾರೆ, 'ಕಾಪಿ ಹಾಡು ಬಾರಿಸ್ತಾರೆ' ಅಂತ. ಲೆಕ್ಕದ ವಿಷಯದಲ್ಲಿ ಮಾತ್ರ ಅವರಿಂದಲೇ ಕಲಿಯಬೇಕು.

ಗಿಟಾರ್ ಕೂಡ ನಮಗೆ ಯೂಟ್ಯೂಬ್‌ನಿಂದ ಬಂದದ್ದಲ್ಲ. ಕೆಜಿಎಫ್‌ನ ಗಣಿ ಕಂಪನಿಯ ಕ್ಲಬ್‌ಗಳು, ಆಂಗ್ಲೋ ಇಂಡಿಯನ್ ಮನೆಗಳು ಆ ಸದ್ದನ್ನು ಯಾವತ್ತೋ ತಂದಿದ್ದವು. ಗಣಿ 2001ರಲ್ಲಿ ಮುಚ್ಚಿತು. ಆ ಊರಿನ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ಇವತ್ತಿಗೂ ನಡೆದಿದೆ. ಬಾರಿಸುವವರದ್ದೂ ಅದೇ ದಾರಿ. ಬೆಂಗಳೂರಿನ ಪಬ್‌ಗಳಲ್ಲಿ ಲೈವ್ ಮ್ಯೂಸಿಕ್‌ಗೂ ಲೈಸೆನ್ಸ್ ತಲೆನೋವು ಶುರುವಾಯಿತು. ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಬಗೆಗಿನ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ವಾದ್ಯ ನಿಂತಿತು. ಹೀಗೆ ಬಾರಿಸುವ ಜಾಗ ಕಮ್ಮಿ ಆಗುತ್ತಾ ಹೋದಷ್ಟೂ ಮೊಬೈಲ್ ಕ್ಲಿಪ್ ಮೇಲಿನ ಆಸೆ ಜಾಸ್ತಿ ಆಯಿತು. ಐವತ್ತು ಶೋ ಕೊಟ್ಟು ಮೈ ಪಳಗಿದ ಮೇಲೆ ಹೆಸರು ಬರುವುದು ಒಂದು. ಐದು ಶೋ ಕೊಟ್ಟವರಿಗೆ ಐವತ್ತು ಲಕ್ಷ ವ್ಯೂಸ್ ಬರುವುದು ಇನ್ನೊಂದು. ಎರಡನೆಯವರಿಗೆ ಟೀವಿ ಸಂದರ್ಶನ ಮುಗಿಸಿ ಬಂದ ವಾರವೇ ಒಂದೂವರೆ ಗಂಟೆಯ ಶೋ ಬುಕ್ ಆಗುತ್ತೆ. ಕೈಯಲ್ಲಿ ಇರುವುದು ಮೂರು ಹಾಡು.

ವೈರಲ್ ಹೆಸರಿನ ರೇಟು ನಮ್ಮ ಕೋಲಾರದ ಟೊಮೆಟೊ ರೇಟಿನ ಹಾಗೆ. 2023ರ ಜುಲೈನಲ್ಲಿ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ಮಳೆಗಾಲ ಮುಗಿಯುವುದರೊಳಗೆ ನೆಲ ಕಚ್ಚಿತು. ಬೆಳೆಯುವವರಿಗೆ ಇದು ಗೊತ್ತಿದೆ. ಅವರು ಆ ರೇಟನ್ನೇ ನಂಬಿ ಸಾಲ ಮಾಡಿ ಮನೆ ಕಟ್ಟಿಸಲ್ಲ. 'ಗಾಳಿ ಬಂದಾಗ ತೂರಿಕೋ' ಅನ್ನುವುದು ಸರಿ, ಆದರೆ ತೂರುವ ಮುಂಚೆ ಕಣದಲ್ಲಿ ಕಾಳು ಯಾರದ್ದು ಅನ್ನುವುದು ತೀರ್ಮಾನ ಆಗಿರಬೇಕು. ಬ್ಯಾಂಡ್‌ಗಳಲ್ಲಿ ಆಗಿರುವುದಿಲ್ಲ.

ಹೇಗೆ ಅಂತ ನೋಡಿ. ಬ್ಯಾಂಡ್ ಶುರುವಾದಾಗ ಯಾರೋ ಒಬ್ಬನ ಜೀಮೇಲ್‌ನಲ್ಲಿ ಯೂಟ್ಯೂಬ್ ಚಾನೆಲ್ ತೆರೆದಿರುತ್ತಾರೆ. ಆಗ ಅದು ಯಾರಿಗೂ ದೊಡ್ಡ ವಿಷಯ ಅಲ್ಲ. ಸಾವಿರ ಸಬ್‌ಸ್ಕ್ರೈಬರ್, ವರ್ಷಕ್ಕೆ 4,000 ಗಂಟೆ ನೋಟ ಆದ ಮೇಲೆ ಜಾಹೀರಾತಿನ ದುಡ್ಡು ಶುರು. ಅದು ಹೋಗುವುದು ಒಬ್ಬನ ಪ್ಯಾನ್ ನಂಬರ್ ಇರುವ ಒಂದೇ ಬ್ಯಾಂಕ್ ಖಾತೆಗೆ, ನೂರು ಡಾಲರ್ ತುಂಬಿದ ಮೇಲೆ. ವಿಡಿಯೋ ಕೆಳಗೆ 'ಬುಕಿಂಗ್‌ಗೆ ಸಂಪರ್ಕಿಸಿ' ಅಂತ ಇರುವುದೂ ಒಂದೇ ಫೋನ್ ನಂಬರ್. ಲಕ್ಷ ಸಬ್‌ಸ್ಕ್ರೈಬರ್ ಆದರೆ ಯೂಟ್ಯೂಬ್ ಕಡೆಯಿಂದ ಬೆಳ್ಳಿ ಬಟನ್ ಫಲಕ ಬರುತ್ತೆ. ಅದನ್ನು ಯಾರ ಮನೆ ಗೋಡೆಗೆ ಹೊಡೆಯುವುದು? ನಗಬೇಡಿ, ಸ್ನೇಹ ಮುರಿಯಲು ಇದಕ್ಕಿಂತ ಸಣ್ಣ ಕಾರಣವೂ ಸಾಕು. ಚಾನೆಲ್ಲನ್ನು ಬ್ರ್ಯಾಂಡ್ ಅಕೌಂಟ್ (ಹಲವರು ಸೇರಿ ನಡೆಸುವ ಖಾತೆ) ಮಾಡಿ ಎಲ್ಲರಿಗೂ ಅನುಮತಿ ಕೊಡುವುದು ಹತ್ತು ನಿಮಿಷದ ಕೆಲಸ. ವೈರಲ್ ಆದ ಮೇಲೆ ಅದನ್ನು ಕೇಳಿದರೆ 'ಏನು, ನನ್ನ ಮೇಲೆ ನಂಬಿಕೆ ಇಲ್ವಾ?' ಅನ್ನುವ ಮಾತು ಬರುತ್ತೆ.

ಇನ್ನು ಹಾಡು ಯಾರದ್ದು. ನಮ್ಮ ಕಾಪಿರೈಟ್ ಕಾನೂನು ಹಾಡಿನಲ್ಲಿ ಸಾಹಿತ್ಯ ಬರೆದವರನ್ನು, ಸಂಗೀತ ಕಟ್ಟಿದವರನ್ನು, ರೆಕಾರ್ಡಿಂಗ್ ಮಾಡಿಸಿದವರನ್ನು, ಹಾಡಿ ಬಾರಿಸಿದವರನ್ನು ಬೇರೆ ಬೇರೆಯಾಗಿ ನೋಡುತ್ತೆ. 2012ರ ತಿದ್ದುಪಡಿ ಒಳ್ಳೆಯದನ್ನೇ ಮಾಡಿತು. ಸಾಹಿತಿ, ಸಂಗೀತಗಾರರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದೇ ಇಲ್ಲ, ಬರೆದುಕೊಟ್ಟರೂ ನಡೆಯಲ್ಲ. ಆ ದುಡ್ಡು ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆ 1969ರಿಂದ ಇದೆ. ಆದರೆ ಅಲ್ಲಿ ಹಾಡನ್ನು ನೋಂದಾಯಿಸುವಾಗ ಹೆಸರು ಬರೆಯಬೇಕಲ್ಲ, ಯಾರದ್ದು ಬರೆಯುವುದು? ತುಮಕೂರಿನ ಯಾವುದೋ ಮಹಡಿ ಮೇಲಿನ ಶೀಟ್ ಮನೆಯನ್ನು ನೆನೆಸಿಕೊಳ್ಳಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದಾರೆ. ಕರೆಂಟ್ ಹೋಗಿದೆ, ಗಿಟಾರಿನ ಆಂಪ್ಲಿಫೈಯರ್ ಸತ್ತಿದೆ. ಆಗ ಡ್ರಮ್ಮರ್ ಸುಮ್ನೆ ಒಂದು ತಮಟೆ ಏಟನ್ನು ಸ್ನೇರ್ ಡ್ರಮ್ ಮೇಲೆ ಹೊಡೆಯುತ್ತಾ ಕೂರುತ್ತಾನೆ. ಹಾಡುವವನು ಅದರ ಮೇಲೆ ನಾಲ್ಕು ಮಾತು ಗುನುಗುತ್ತಾನೆ. ಕರೆಂಟ್ ಬರುವ ಹೊತ್ತಿಗೆ ಹಾಡಾಗಿದೆ. ಜನ ಕುಣಿಯುವುದು ಆ ಏಟಿಗೆ. ಫಾರಂನಲ್ಲಿ ಬರುವುದು ಗುನುಗಿದವನ ಹೆಸರು. ಕೂಡಿ ಕಟ್ಟಿದ ಕೃತಿ ಅಂತ ಕಾನೂನಿನಲ್ಲಿ ಜಾಗ ಇದೆ, ಕೇಳಿ ಬರೆಸಿಕೊಂಡರೆ.

ಅಮೆರಿಕದ ಆರ್‌ಇಎಂ ಬ್ಯಾಂಡ್‌ನವರು ಮೊದಲಿನಿಂದಲೇ ತಾವೇ ಕಟ್ಟಿದ ಹಾಡಿಗೆಲ್ಲ ಆಗ ಬ್ಯಾಂಡ್‌ನಲ್ಲಿದ್ದ ಎಲ್ಲರ ಹೆಸರನ್ನೂ ಸಮನಾಗಿ ಹಾಕಿಕೊಂಡರು. ಮೂವತ್ತು ವರ್ಷ ಬಾರಿಸಿ, ಜಗಳ ಇಲ್ಲದೆ 2011ರಲ್ಲಿ ಮುಗಿಸಿದರು. ನಿರ್ವಾಣ ಬ್ಯಾಂಡ್‌ನಲ್ಲಿ ಉಲ್ಟಾ. ಹೆಸರು ಬಂದ ಮೇಲೆ 1992ರಲ್ಲಿ ಗಾಯಕ ಕರ್ಟ್ ಕೊಬೇನ್ ರಾಯಲ್ಟಿ ಪಾಲಿನ ಲೆಕ್ಕ ಬದಲಿಸಿದ, ಅದೂ ಹಳೆಯ ಹಾಡುಗಳಿಗೂ ಸೇರಿಸಿ. ಹಾಡು ಬರೆದವನು ಅವನೇ, ನ್ಯಾಯ ಅವನ ಕಡೆಯೇ ಇತ್ತು ಅಂತ ವಾದಿಸಬಹುದು. ಆದರೂ ಮಿಕ್ಕ ಇಬ್ಬರಿಗೆ ಹೇಗಾಗಿರಬೇಡ? ಲೆಕ್ಕ ಸಮ ಇರಲಿ, ಅಸಮ ಇರಲಿ, ನನಗೆ ಅದು ಮುಖ್ಯ ಅಲ್ಲ. ಯಾವಾಗ ಬರೆದರು ಅನ್ನುವುದು ಮುಖ್ಯ.

ತೆರಿಗೆಯಲ್ಲೂ ಒಂದು ತಮಾಷೆ ಇದೆ. ಜಾನಪದ ಅಥವಾ ಶಾಸ್ತ್ರೀಯ ಕಲಾವಿದರ ಪ್ರದರ್ಶನಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ಸಂಭಾವನೆ ಮೇಲೆ ಜಿಎಸ್‌ಟಿ ವಿನಾಯಿತಿ ಇದೆ. ರಾಕ್‌ಗೆ ಇಲ್ಲ. ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ನೋಂದಣಿಯೇ ಬೇಡ, ನಿಜ. ಆದರೆ ಟೀವಿಯಲ್ಲಿ ಬಂದ ಮೇಲೆ ಕರೆಯುವ ಕಂಪನಿಗಳು ಮೊದಲು ಕೇಳುವುದು ಜಿಎಸ್‌ಟಿ ನಂಬರ್. ತಮಟೆ, ಡ್ರಮ್ಸ್ ಎರಡೂ ಇರುವ ಬ್ಯಾಂಡ್ ಯಾವ ಪಂಗಡಕ್ಕೆ ಸೇರುತ್ತೆ ಅಂದರೆ ಆಡಿಟರ್ ಕೂಡ ತಲೆ ಕೆರೆದುಕೊಳ್ಳುತ್ತಾರೆ.

ತಮಟೆ ಅಂದಾಗ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರನ್ನು ಬಿಟ್ಟು ಮುಂದೆ ಹೋಗಲಾಗದು. ಹದಿಹರೆಯದಲ್ಲಿ ತಮಟೆ ಹಿಡಿದವರು. ಐದು ದಶಕಕ್ಕೂ ಜಾಸ್ತಿ ಬಾರಿಸಿದ ಮೇಲೆ 2023ರಲ್ಲಿ ಪದ್ಮಶ್ರೀ ಬಂತು. ಅವತ್ತು ಕ್ಯಾಮೆರಾಗಳು ಅವರ ಊರಿಗೂ ಹೋದವು. ಅಷ್ಟು ವರ್ಷ ಕಾಯಿರಿ ಅಂತ ಯಾವ ಹುಡುಗರಿಗೂ ಹೇಳುವುದು ತಪ್ಪು, ಕಾಯಿಸಿದ್ದೇ ನಮ್ಮ ಸಮಾಜದ ಕೆಟ್ಟತನ. ಆದರೆ ಕ್ಯಾಮೆರಾ ಬಂದಾಗ ಅವರಿಗೆ ಹೊಸದಾಗಿ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಬಾರಿಸುವುದು ಅಷ್ಟೊತ್ತಿಗೆ ಉಸಿರಾಟದಷ್ಟು ಅಭ್ಯಾಸ ಆಗಿತ್ತು. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ನಡೆಸಿಕೊಂಡು ಬಂದ ಹಾಡು, ನಾಟಕಗಳದ್ದೂ ಬೇರೆಯೇ ದಾರಿ. ಅಲ್ಲಿ ಜನ ಬೆಟ್ಟ ಹತ್ತಿ ಬಂದು ಕೇಳಿದರು. ನಮ್ಮ ರಾಕ್ ಹುಡುಗರಿಗೆ ಅಂಥ ಒಂದು ಜಾಗ ಪ್ರತಿ ಜಿಲ್ಲೆಯಲ್ಲಿ ಇದ್ದರೆ ಟೀವಿಯ ಫೋನಿಗೆ ಅಷ್ಟೊಂದು ಹಪಹಪಿ ಇರುತ್ತಿರಲಿಲ್ಲ ಅನ್ನಿಸುತ್ತೆ. ಜಿಲ್ಲಾ ರಂಗಮಂದಿರಗಳಿವೆ. ಬಾಡಿಗೆ, ಅನುಮತಿ, ಸೌಂಡ್ ಸಿಸ್ಟಂ ಎಲ್ಲ ಸೇರಿದರೆ ಟಿಕೆಟ್ ದುಡ್ಡು ಸಾಲುವುದಿಲ್ಲ.

ಹಾಗಂತ ಟೀವಿಗೆ ಹೋಗಬೇಡಿ ಅನ್ನುವುದು ಮೂರ್ಖತನ. ಹೋಗಿ. ಫೋನ್ ಬಂದಾಗಲೇ ಕೇಳಿ: ಬಾರಿಸಲು ಬಿಡ್ತೀರಾ? ಇಲ್ಲ ಅಂದರೆ ನಾವೇ ರೆಕಾರ್ಡ್ ಮಾಡಿದ ಲೈವ್ ವಿಡಿಯೋ ಪೂರ್ತಿ ಒಂದು ಹಾಡು ಹಾಕ್ತೀರಾ? ಎಲ್ಲರ ಹೆಸರೂ ಪರದೆ ಮೇಲೆ ಬರುತ್ತಾ? ಮನೆಗೆ ಬಂದು ಅಮ್ಮನನ್ನು ಶೂಟ್ ಮಾಡುವುದಾದರೆ ಐವರ ಮನೆಗೂ ಬನ್ನಿ, ಇಲ್ಲ ಯಾರ ಮನೆಗೂ ಬೇಡ. ಇಷ್ಟು ಕೇಳಿದರೆ ಚಾನೆಲ್‌ನವರು ಕೋಪ ಮಾಡಿಕೊಳ್ಳುತ್ತಾರೆ ಅನ್ನುವ ಹೆದರಿಕೆ ಇದೆ. ಕೆಲವರು ಮಾಡಿಕೊಳ್ಳಬಹುದು. ಆದರೆ ಆ ವಾರ ಅವರಿಗೂ ನೀವು ಬೇಕು, ಮುಂದಿನ ವಾರ ಬೇಡ. ಕೇಳುವ ಬಲ ಇರುವುದು ಆ ವಾರ ಮಾತ್ರ.

ಮತ್ತೆ ಹೆಸರು. ಬ್ಯಾಂಡ್‌ನ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಮನರಂಜನೆ ಬರುವುದು 41ನೇ ವರ್ಗದಲ್ಲಿ. ಸಿಕ್ಕರೆ ಹತ್ತು ವರ್ಷ ನಡೆಯುತ್ತೆ, ಆಮೇಲೆ ನವೀಕರಿಸಬಹುದು. ಐವರೂ ಸೇರಿ ಪಾಲುದಾರಿಕೆಯಲ್ಲಿ ಹಾಕಬಹುದು. ಯಾರೂ ಹಾಕದೇ ಇದ್ದಾಗ ಏನಾಗುತ್ತೆ ಅಂದರೆ, ಬಿಟ್ಟು ಹೋದವನೂ ಅದೇ ಹೆಸರಲ್ಲಿ ಶೋ ಒಪ್ಪಿಕೊಳ್ಳುತ್ತಾನೆ, ಉಳಿದವರೂ ಒಪ್ಪಿಕೊಳ್ಳುತ್ತಾರೆ. ಜಾತ್ರೆ ಕಮಿಟಿಯವರು ಇಬ್ಬರಿಗೂ ಫೋನ್ ಮಾಡಿ ಯಾರು ಕಮ್ಮಿಗೆ ಬರ್ತೀರಿ ಅಂತ ಕೇಳುತ್ತಾರೆ.

ಸೆಕ್ಸ್ ಪಿಸ್ಟಲ್ಸ್‌ನವರು ತಮ್ಮೊಳಗೆ ಯಾರ ಮಾತು ನಡೆಯಬೇಕು ಅನ್ನುವ ಒಪ್ಪಂದಕ್ಕೆ ಸಹಿ ಹಾಕಿದ್ದು 1998ರಲ್ಲಿ, ಬ್ಯಾಂಡ್ ಮುಗಿದು ಇಪ್ಪತ್ತು ವರ್ಷ ಆದ ಮೇಲೆ. ಬಹುಮತದ ಮಾತು ನಡೆಯಬೇಕು ಅಂತ ಅದರಲ್ಲಿ ಇತ್ತು. ತಮ್ಮದೇ ಕತೆಯ ಟೀವಿ ಸೀರೀಸ್‌ಗೆ ಹಾಡು ಕೊಡಬೇಕೋ ಬೇಡವೋ ಅಂತ ಮತ್ತೆ ಜಗಳ ಬಂದಾಗ ಗಾಯಕ ಜಾನ್ ಲೈಡನ್ ಒಪ್ಪಲಿಲ್ಲ. ಗಿಟಾರಿನ ಜೋನ್ಸ್, ಡ್ರಮ್ಸ್‌ನ ಪಾಲ್ ಕುಕ್ ಲಂಡನ್ ಹೈಕೋರ್ಟಿಗೆ ಹೋದರು. 2021ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಆ ಹಳೇ ಕಾಗದವನ್ನೇ ಓದಿ ತೀರ್ಪು ಕೊಟ್ಟರು. ಗೆದ್ದವರು ಡ್ರಮ್ಮರ್ ಮತ್ತು ಗಿಟಾರಿಸ್ಟ್.